ಪರರ ತೋಳಿನ ಋಣ

ಒಬ್ಬನ ಶರೀರವನ್ನು ಮತ್ತೊಬ್ಬನ ಕ್ಷೇಮಕ್ಕೆ ಸಾಧನವನ್ನಾಗಿ ಮಾಡುವುದು ಧರ್ಮವೆ? ಇದು ಯುದ್ಧದ ಪ್ರಸಂಗದಲ್ಲಿ ಮಾತ್ರ ಕೇಳತಕ್ಕ ಪ್ರಶ್ನೆಯೆಂದು ನಾವು ಭಾವಿಸಿರುವೆವು. ಲಸಿಕೆಗಾಗಿ ಮಗುವಿನ ತೋಳನ್ನು ಒಡ್ಡಿಸುವಾಗಲೂ ಅದು ನಮ್ಮೆದುರಿಗೆ ನಿಂತಿರುವುದು.

1802ನೆಯ ಇಸವಿ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಗೆ ಹಾಕಿದ ಗೋಸಿಡುಬಿನ ಲಸಿಕೆಯು ಫಲಿಸಿತು. ಆ ಗುಳ್ಳೆಯ ರಸವೇ ತೋಳಿನಿಂದ ತೋಳಿಗೆ ಹರಿದು ದೇಶದ ಬೇರೆಬೇರೆ ಭಾಗಗಳನ್ನು ಸೇರಿತು. ಮರುವರ್ಷ ಸ್ಪೇನಿನ ವೈದ್ಯನಾದ ಬಾಲ್ಮಿಸನು 22 ಮಂದಿ ಬಾಲಕರನ್ನು ಹಡಗಿನಲ್ಲಿ ಕುಳ್ಳಿರಿಸಿಕೊಂಡು, ಸರದಿಯಂತೆ ಇಬ್ಬಿಬ್ಬರಿಗೆ ಲಸಿಕೆ ಹಾಕುತ್ತ, ಆ ರಸವನ್ನು ಕೆಡದಂತೆ ಅಮೇರಿಕಾ ಖಂಡಕ್ಕೆ ಒಯ್ದನು. ಅದರಿಂದ ಅಸಂಖ್ಯ ಜನರು ಬದುಕಿದರು. ಆದರೆ ಆ ಬಾಲಕರಲ್ಲಿ ಬಹುಮಂದಿ ಅನಾಥರು. ಬೇಡವೆನ್ನಲು ಅವರಿಗೆ ತಾಯಿಯಿರಲಿಲ್ಲ.

ಈ ಕಾಲದ ವಿಜ್ಞಾನವು ಆ ತೋಳುಗಳ ಸರಪಳಿಯನ್ನು ಕಡಿದಿದೆ. 2021ನೆಯ ಆಗಸ್ಟ್ 20ರಂದು ನಮ್ಮ ದೇಶದಲ್ಲಿ ತುರ್ತು ಉಪಯೋಗಕ್ಕೆ ಅನುಮತಿ ಪಡೆದ ಜೈಕೋವ್-ಡಿ ಎಂಬುದು ಮನುಷ್ಯರಿಗಾಗಿ ಹೊರಬಂದ ಮೊದಲನೆಯ ಡಿ.ಎನ್.ಎ. ಲಸಿಕೆ. ಅದರಲ್ಲಿ ಕೊರೋನಾ ರೋಗಾಣುವಿಲ್ಲ. ರೋಗಾಣುವಿನ ಒಂದು ಪ್ರೋಟೀನನ್ನು ರಚಿಸುವ ಬರೆಹ ಮಾತ್ರ ಉಂಗುರದಂಥ ಡಿ.ಎನ್.ಎ. ತುಣುಕಿನಲ್ಲಿರುವುದು. ಸೂಜಿಯಿಲ್ಲದ ಉಪಕರಣವೊಂದು ಅದನ್ನು ಸೂಕ್ಷ್ಮವಾದ ಧಾರೆಯಾಗಿ ಚರ್ಮದೊಳಕ್ಕೆ ಹೊಗಿಸುವುದು. ಜೀವಕೋಶಗಳು ಬರೆಹವನ್ನೋದಿ ಪ್ರೋಟೀನನ್ನು ರಚಿಸಲು, ದೇಹವು ಶತ್ರುವಿನ ಗುರುತನ್ನು ಮುಂಚಿತವಾಗಿಯೇ ಕಲಿಯುವುದು. 25 ಡಿಗ್ರಿ ಉಷ್ಣದಲ್ಲಿಯೂ ಅದು ಮೂರು ತಿಂಗಳು ಕೆಡದು. ಹೊತ್ತೊಯ್ಯಲು ಯಾವ ಮಗುವಿನ ತೋಳೂ ಬೇಕಿಲ್ಲ.

ಹಾಗಾದರೆ ಋಣವು ತೀರಿತೆ? ಇಲ್ಲವೆಂದೇ ಹೇಳಬೇಕು. ಈ ಲಸಿಕೆಯ ಪರೀಕ್ಷೆಗೆ 28,000ಕ್ಕೂ ಹೆಚ್ಚು ಮಂದಿ ತೋಳೊಡ್ಡಿದರು. ಅವರಲ್ಲಿ ಸುಮಾರು 1,000 ಮಂದಿ 12ರಿಂದ 18 ವರ್ಷದವರು. ಕೆಲವರಿಗೆ ದೊರೆತುದು ಲಸಿಕೆ, ಮಿಕ್ಕವರಿಗೆ ಬರಿಯ ತೋರಿಕೆಯ ಮದ್ದು. ರೋಗವನ್ನು ತಡೆಯುವ ಶಕ್ತಿ ಶೇಕಡ 66.6 ಎಂದು ಮಧ್ಯಂತರ ಗಣನೆಯಿಂದ ತಿಳಿಯಿತು. ಈ ಅಂಕಿ ಎಲ್ಲಿಂದ ಬಂದಿತು? ಎರಡು ಗುಂಪುಗಳಲ್ಲಿಯೂ ಕಾಯಿಲೆ ಬಿದ್ದವರನ್ನು ಎಣಿಸಿದುದರಿಂದ. ನಮ್ಮ ನಿಶ್ಚಿಂತೆಯ ಲೆಕ್ಕದಲ್ಲಿ ಅವರ ಜ್ವರವೂ ಸೇರಿದೆ.

ಆದರೂ ಹಡಗಿನ ಬಾಲಕರಿಗೂ ಇವರಿಗೂ ಒಂದು ದೊಡ್ಡ ಭೇದವುಂಟು. ಇಂದು ಒಪ್ಪಿಗೆಯನ್ನು ಕೇಳಲೇಬೇಕೆಂಬ ನಿಯಮವಿದೆ. ಎಳೆಯರಾದರೆ ಹೆತ್ತವರನ್ನು ಕೇಳಬೇಕು. ಕೇಳದೆ ಪಡೆದುದು ಅಪಹಾರ, ಕೇಳಿ ಪಡೆದುದು ದಾನ. ಆದುದರಿಂದ ಆ ಕೇಳುವಿಕೆಯು ಕಾಗದದ ಮೇಲಿನ ಹೆಬ್ಬೆಟ್ಟಿನ ಗುರುತಾಗಿ ಕುಗ್ಗದಂತೆ ಕಾಯುವುದು ನಮ್ಮೆಲ್ಲರ ಹೊಣೆ. ಬಡವನಿಗೆ ಅವನ ಭಾಷೆಯಲ್ಲಿ ಅಪಾಯವನ್ನು ತಿಳಿಸಿ, ಬೇಡವೆನ್ನುವ ಅವಕಾಶವನ್ನೂ ಕೊಟ್ಟ ಬಳಿಕವೇ ಅವನ ಒಪ್ಪಿಗೆಗೆ ಬೆಲೆ. ದಾನ ಕೊಟ್ಟವರ ಹೆಸರು ನಮಗೆ ತಿಳಿಯದು. ಮುಂದೆ ಅಂಥ ಕರೆ ನಮ್ಮ ಬಾಗಿಲಿಗೆ ಬಂದಾಗ, ನಾವು ಇತರರ ತೋಳನ್ನು ತೋರಿಸುವೆವೊ, ನಮ್ಮ ತೋಳನ್ನು ಒಡ್ಡುವೆವೊ?