ದೀಪಯಂತ್ರವೂ ಗೃಹಧರ್ಮವೂ

ಹಗಲಿರುಳುಗಳ ಸಂಧಿಯನ್ನು ನಮ್ಮ ಹಿರಿಯರು ಕರ್ತವ್ಯದ ಹೊತ್ತೆಂದು ಬಗೆದಿದ್ದರು. ಬೆಳಕು ಕಂದುತ್ತಲೇ ದನಕರು ಕೊಟ್ಟಿಗೆಗೆ ಸೇರುತ್ತಿದ್ದುವು. ದೇವರ ಮುಂದೆ ದೀಪ ಹೊತ್ತುತ್ತಿತ್ತು. ಮಕ್ಕಳು ಬಾಯಿಪಾಠ ಒಪ್ಪಿಸುತ್ತಿದ್ದರು. ಈ ಕ್ರಮವನ್ನು ವಿಧಿಸಿದವನು ಸೂರ್ಯ. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿದಂದಿನಿಂದ ಆ ಅಧಿಕಾರವು ಮೆಲ್ಲಮೆಲ್ಲನೆ ಗೋಡೆಯ ಸ್ವಿಚ್ಚಿಗೆ ಸೇರಿತು. ಈಗ ಕೈಯ ಕೆಲಸವೂ ಬೇಡವಾಗಿದೆ. ಬೆಳಗಿನ ಜಾವ ತಾವಾಗಿಯೇ ಅರಳಿ, ಇರುಳಿನಲ್ಲಿ ತಾವಾಗಿಯೇ ಕುಗ್ಗುವ ದೀಪಗಳು ಮನೆಗಳಿಗೆ ಬಂದಿವೆ. ಇದು ಸೌಕರ್ಯದ ಪ್ರಶ್ನೆ ಮಾತ್ರವೇ? ಧರ್ಮದ ಪ್ರಶ್ನೆಯೂ ಹೌದೆಂದು ನಮ್ಮ ಭಾವನೆ.

ಮೊದಲು ಯಂತ್ರದ ಪಕ್ಷವನ್ನು ಕೇಳೋಣ. ಕಣ್ಣು ನೋಡುವುದಕ್ಕೆ ಮಾತ್ರ ಇರುವುದಲ್ಲ. ಅಕ್ಷಿಪಟಲದ ಕೆಲವು ವಿಶೇಷ ಕಣಗಳು ಬೆಳಕಿನ ವಾರ್ತೆಯನ್ನು ದೇಹದ ಒಳಗಡಿಯಾರಕ್ಕೆ ಮುಟ್ಟಿಸುತ್ತವೆಂಬುದು 2002ರಲ್ಲಿ ಸ್ಪಷ್ಟವಾಯಿತು. ಆ ಗಡಿಯಾರದ ಒಳಗುಟ್ಟನ್ನು ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಕಣಗಳು ನೀಲಿಯ ಬೆಳಕಿಗೆ ಹೆಚ್ಚು ಎಚ್ಚರಗೊಳ್ಳುತ್ತವೆ. ಇರುಳಿನಲ್ಲಿ ಅಂತಹ ಪ್ರಖರ ಬೆಳಕು ನಿದ್ರೆಯನ್ನು ಹಿಂದೂಡುತ್ತದೆ. ವರ್ಣದ ಅಳತೆಯಲ್ಲಿ ಮಧ್ಯಾಹ್ನದ ಬೆಳಕು ಸುಮಾರು 5,500 ಕೆಲ್ವಿನ್, ಹಳೆಯ ತಂತಿಯ ಬಲ್ಬಿನದು 2,700, ಎಣ್ಣೆಯ ದೀಪದ್ದು 2,000ದ ಆಸುಪಾಸು. ನಮ್ಮ ಅಜ್ಜಿಯರ ಹಣತೆ ಇರುಳಿಗೆ ತಕ್ಕ ದೀಪವಾಗಿತ್ತು. ಇಂದಿನ ಬಿಳಿಯ ಎಲ್‌ಇಡಿ ಇರುಳಿನಲ್ಲಿಯೂ ಹಗಲಿನ ಮಾತನ್ನೇ ಆಡುತ್ತದೆ. ಆ ತಪ್ಪನ್ನು ಯಂತ್ರವು ತಿದ್ದುತ್ತದೆ. ಚಳಿಗಾಲದಲ್ಲಿ ಹಗಲು ಆರೇ ಗಂಟೆಗಳಲ್ಲಿ ಮುಗಿಯುವ ಸ್ಟಾಕ್‌ಹೋಮಿನಂತಹ ಊರಿನವರಿಗೆ ಕೃತಕವಾದ ಅರುಣೋದಯವು ವಿಲಾಸವೆನಿಸದು.

ಯಂತ್ರದ ಜಾಣ್ಮೆಯೂ ಮೆಚ್ಚತಕ್ಕದ್ದೇ. ಅನೇಕ ಎಲ್‌ಇಡಿಗಳು ಮಂದವಾಗುವುದು ಸೆಕೆಂಡಿಗೆ ನೂರಾರು ಬಾರಿ ಆರಿ ಹೊತ್ತುವುದರಿಂದ. ಆರಿರುವ ಅಂಶ ಹೆಚ್ಚಿದಷ್ಟೂ ಬೆಳಕು ಕಡಮೆ. ಆದರೆ ಕಣ್ಣಿನ ಲೆಕ್ಕ ಬೇರೆ: ಬೆಳಕನ್ನು ಅರ್ಧಕ್ಕೆ ಇಳಿಸಿದರೆ ಅದು ಅರ್ಧವಾದಂತೆ ತೋರುವುದಿಲ್ಲ. ಆದಕಾರಣ ಪ್ರತಿ ಹೆಜ್ಜೆಯಲ್ಲಿಯೂ ಇದ್ದುದರ ಒಂದು ಪಾಲನ್ನು ತಗ್ಗಿಸಿದರೆ ಮಾತ್ರ ಸಂಜೆಯು ಸಹಜವಾಗಿ ಕಾಣುತ್ತದೆ.

ಇಷ್ಟಾದ ಮೇಲೆ ನಮ್ಮ ಸಂಶಯ. ನಿದ್ರೆಯ ನಿಯಮವನ್ನು ಯಂತ್ರಕ್ಕೆ ಒಪ್ಪಿಸುವುದು ಆತ್ಮಸಂಯಮವನ್ನು ಮಾರಿಕೊಂಡಂತೆ ಎಂದು ಕೆಲವರು ಹೇಳಿಯಾರು. ಈ ಆಕ್ಷೇಪವು ನಿಲ್ಲುವುದಿಲ್ಲ. ಗುಡಿಯ ಗಂಟೆಯೂ ಹೊರಗಿನ ಸಾಧನವೇ. ಅದನ್ನು ಕೇಳಿ ಎದ್ದವನ ಭಕ್ತಿಗೆ ಕುಂದಿಲ್ಲ. ಸಂಯಮವುಳ್ಳವನು ತನ್ನ ದೌರ್ಬಲ್ಯವನ್ನು ಅರಿತು ಮೊದಲೇ ಏರ್ಪಾಡು ಮಾಡಿಕೊಳ್ಳುತ್ತಾನೆ. ಆದರೆ ಗಂಟೆ ಕರೆಯುತ್ತದೆಯೇ ಹೊರತು ಬಲಾತ್ಕರಿಸುವುದಿಲ್ಲ. ಕುಗ್ಗುವ ದೀಪವು ಮನೆಯಲ್ಲಿರುವ ಎಲ್ಲರ ಬೆಳಕನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತದೆ. ತನಗಾಗಿ ಮಾಡಿಕೊಂಡ ನಿಯಮವು ಸಂಯಮ. ಅದೇ ನಿಯಮವನ್ನು ಕೇಳದೆಯೇ ಇತರರ ಮೇಲೆ ಹೇರಿದರೆ ದಬ್ಬಾಳಿಕೆ.

ಒಂದು ಮನೆಗೆ ಒಂದೇ ಸಂಜೆಯೆಂಬುದಿಲ್ಲ. ಯಜಮಾನನಿಗೆ ಒಂಬತ್ತೂವರೆಗೆ ಹಗಲು ಮುಗಿಯಬಹುದು. ಪರೀಕ್ಷೆಗೆ ಓದುವ ಮಗನಿಗೆ ಅದು ನಡುಹೊತ್ತು. ಎಲ್ಲರ ಊಟವಾದ ಮೇಲೆ ಅಡಿಗೆಮನೆಯಲ್ಲಿ ಪಾತ್ರೆ ತೊಳೆದು, ಮರುದಿನದ ಅಕ್ಕಿ ನೆನೆಹಾಕುವ ಗೃಹಿಣಿಗೆ ಇನ್ನೂ ಕೆಲಸವಿದೆ. ಅರುವತ್ತು ವರ್ಷದ ಮುದುಕರ ಅಕ್ಷಿಪಟಲಕ್ಕೆ ತಲಪುವ ಬೆಳಕು ಇಪ್ಪತ್ತರ ತರುಣರಿಗೆ ತಲಪುವುದರ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ. ತರುಣನಿಗೆ ಹಿತವಾದ ಮಂದಪ್ರಕಾಶವು ಅವರಿಗೆ ಹೊಸ್ತಿಲನ್ನು ಎಡವಿಸುವ ಕತ್ತಲೆ. ಯಂತ್ರಕ್ಕೆ ವೇಳೆಯನ್ನು ಗೊತ್ತುಮಾಡಿದವನು ಮನೆಗೆ ಸೂರ್ಯನಾದನು. ಆಕಾಶದ ಸೂರ್ಯನಿಗೆ ಪಕ್ಷಪಾತವಿಲ್ಲ. ಈ ಸೂರ್ಯನಿಗೆ ಉಂಟು. ಮುಳುಗುವ ಮುನ್ನ ಅವನು ಅಡಿಗೆಮನೆಯ ಕಡೆ ಒಮ್ಮೆ ನೋಡಿದನೇ ಎಂಬುದೇ ಇಲ್ಲಿಯ ಧರ್ಮಪರೀಕ್ಷೆ.

ಇನ್ನೊಂದು ಮಾತು. ನೆತ್ತಿಯ ಬಿಸಿಲಿನ ಪ್ರಕಾಶವು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ನಮ್ಮ ಕೋಣೆಯ ದೀಪಗಳು ಕೆಲವು ನೂರನ್ನು ದಾಟುವುದು ಅಪರೂಪ. ಬೆಳಗಿನಲ್ಲಿ ಕಿಟಕಿಗೆ ಪರದೆಯೆಳೆದು, ಒಳಗೆ ಸೂರ್ಯನ ನಕಲನ್ನು ಕೊಳ್ಳುವುದು ಕಾವೇರಿಯ ದಡದಲ್ಲಿ ನೀರು ಕೊಂಡಂತೆ. ವರ್ಷವೆಲ್ಲ ಬಿಸಿಲುಂಟಾದ ನಾಡಿನಲ್ಲಿ ಮೊದಲ ಉಪಾಯವು ಬಾಗಿಲನ್ನು ತೆರೆಯುವುದು, ಎರಡನೆಯದು ಇರುಳಿನ ದೀಪವನ್ನು ಹಳದಿಯದಾಗಿಸುವುದು, ಯಂತ್ರವು ಮೂರನೆಯದು.

ಆದುದರಿಂದ ಯಂತ್ರವನ್ನು ಬಹಿಷ್ಕರಿಸಬೇಕೆಂದು ನಾವು ಹೇಳುವುದಿಲ್ಲ. ಮಲಗುವ ಕೋಣೆಯಲ್ಲಿ ಅದು ಸೇವಕನಾಗಿರಲಿ. ಎಲ್ಲರೂ ಕೂಡುವ ಪಡಸಾಲೆಯಲ್ಲಿ ಎಲ್ಲರನ್ನೂ ಕೇಳಿ ವೇಳೆ ನಿಶ್ಚಯವಾಗಲಿ. ಅಡಿಗೆಮನೆಯ ದೀಪವು ಅಲ್ಲಿ ದುಡಿಯುವವರ ಕೈಯಲ್ಲಿಯೇ ಉಳಿಯಲಿ. ಕತ್ತಲೆಯೂ ವಿಶ್ರಾಂತಿಯೂ ಎಲ್ಲರಿಗೂ ಸಲ್ಲತಕ್ಕ ಪಾಲು. ಕೊನೆಯ ಕೆಲಸ ಮುಗಿಯದೆ ಮನೆಗೆ ಇರುಳಾಗುವುದಿಲ್ಲ.