ರಾಕ್ಷಸ ಗೆದ್ದುಬಿಟ್ಟರೆ?

ಲೋಕವನ್ನೇ ಗೆಲ್ಲಲು ಹೊರಟ ಗುಪ್ತ ಸಂಘಟನೆಯೊಂದರಲ್ಲಿ ರಾಕ್ಷಸರನ್ನು ತಯಾರಿಸುವ ವಿಭಾಗವಿದೆ. ಅಲ್ಲಿ ಕುರೊಇತ್ಸು ಎಂಬ ಹುಡುಗಿ ಕಿರಿಯ ಸಂಶೋಧಕಿ. ಹೊಸ ರಾಕ್ಷಸನ ಪ್ರಸ್ತಾವ ಬರೆಯಬೇಕು, ಮೇಲಿನವರ ಮುಂದೆ ಸ್ಲೈಡು ತೋರಿಸಿ ಒಪ್ಪಿಗೆ ಪಡೆಯಬೇಕು, ಕೇಳಿದ್ದಕ್ಕಿಂತ ಕಡಿಮೆ ಬಜೆಟ್ಟಿನಲ್ಲಿ, ಕೊಟ್ಟದ್ದಕ್ಕಿಂತ ಮುಂಚಿನ ಗಡುವಿಗೆ ಮುಗಿಸಬೇಕು. ತೋಳದ ರೂಪದ ಗಂಡು ರಾಕ್ಷಸನೊಬ್ಬ ಹೆಚ್ಚುಕಡಿಮೆ ತಯಾರಾದ ಮೇಲೆ, ಹುಡುಗಿಯ ರೂಪವಿದ್ದರೆ ಚೆನ್ನ ಎಂದು ಮೇಲಿನಿಂದ ಅಪ್ಪಣೆ ಬರುತ್ತದೆ. ಮೈ ಬದಲಿಸುವಷ್ಟು ಸಮಯವಿದೆ, ಮನಸ್ಸು ಬದಲಿಸುವಷ್ಟಿಲ್ಲ. ಪಾಪ, ಆ ಪ್ರಾಣಿ ಹೆಣ್ಣಿನ ಮೈಯಲ್ಲಿ ಗಂಡಿನ ಮನಸ್ಸು ಹೊತ್ತುಕೊಂಡೇ ಡ್ಯೂಟಿಗೆ ಹಾಜರಾಗುತ್ತದೆ. ಹಿರೊಆಕಿ ಮಿಜುಸಾಕಿಯ ಈ ಜಪಾನಿ ಚಿತ್ರಕಥೆ (ಮಾಂಗಾ) 2022ರಲ್ಲಿ ಕಾರ್ಟೂನ್ ಸರಣಿಯಾಗಿ (ಅನಿಮೆ) ಬಂತು. ಸಂಘಟನೆಯ ಹೆಸರು ಅಗಾಸ್ಟಿಯಾ. ಕಾವೇರಿಯನ್ನು ಕಮಂಡಲದಲ್ಲಿಟ್ಟುಕೊಂಡ ಮುನಿಯ ಹೆಸರು ಹೀಗೆ ದುಷ್ಟಕೂಟದ ಬೋರ್ಡಿನ ಮೇಲೆ ಕಂಡಂತಾಗಿ ಕೊಡಗಿನ ಕಡೆಯವರಿಗೆ ಸ್ವಲ್ಪ ಕಸಿವಿಸಿಯಾದೀತು.

ಬ್ಯಾಲಂಟೈನಿನಲ್ಲಿ ಕೂತು ಇದನ್ನು ನೋಡಿದರೆ ನಗು ಬೇಗ ಬರುತ್ತದೆ, ಬೇಗ ನಿಂತೂ ಹೋಗುತ್ತದೆ. ಅಮೆರಿಕದ ಶಾರ್ಲೆಟ್ ನಗರದ ದಕ್ಷಿಣದ ಅಂಚಿನ ಈ ಜಾಗ 1990ರ ದಶಕದವರೆಗೂ ಕಾಡು, ಹೊಲ. ಈಗ 535 ಎಕರೆಯ ಆಫೀಸು ಪಾರ್ಕು. 2017ರಲ್ಲಿ ಅದು ಮಾರಾಟವಾದದ್ದು 120 ಕೋಟಿ ಡಾಲರಿಗೆ. ಗಾಜಿನ ಕಟ್ಟಡ, ಕೊಳ, ಕಾರಂಜಿ, ಮಧ್ಯಾಹ್ನ ಬ್ಯಾಡ್ಜು ತೂಗಿಸಿಕೊಂಡು ಕೊಳದ ಸುತ್ತ ನಡೆಯುವ ನಮ್ಮಂಥವರು. ಇಲ್ಲಿನ ಕನ್ನಡದ ಮನೆಗಳಲ್ಲಿ ಬಹಳಷ್ಟು ನಡೆಯುವುದು ಬ್ಯಾಂಕು, ವಿಮೆ, ಅವುಗಳ ಸಾಫ್ಟ್‌ವೇರು ತರುವ ಸಂಬಳದಿಂದ. ಕೊನೆಯ ಗಳಿಗೆಯಲ್ಲಿ ಸ್ಪೆಕ್ ಬದಲಾಯಿಸಿಕೊಂಡ ಪ್ರಾಜೆಕ್ಟು ಹೆಣ್ಣಿನ ಮೈ ಗಂಡಿನ ಮನಸ್ಸಾಗಿ ಪ್ರೊಡಕ್ಷನ್ನಿಗೆ ಹೋದದ್ದನ್ನು ಇಲ್ಲಿ ಯಾರು ನೋಡಿಲ್ಲ?

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಕುರೊಇತ್ಸು ಒಳ್ಳೆಯ ಹುಡುಗಿ. ಶ್ರಮಜೀವಿ, ಸಹೋದ್ಯೋಗಿಗಳ ಮೇಲೆ ಅಕ್ಕರೆಯುಳ್ಳವಳು, ತಾನು ಮಾಡಿದ ರಾಕ್ಷಸರನ್ನು ತಾಯಿಯಂತೆ ನೋಡಿಕೊಳ್ಳುವವಳು. ಅವಳ ಮೇಲಧಿಕಾರಿಗಳೂ ಕೆಟ್ಟವರಲ್ಲ. ನೌಕರರನ್ನು ಹಿಂಡಿ ಹಿಪ್ಪೆ ಮಾಡುವ ಸಂಸ್ಥೆಗೆ ಜಪಾನಿನಲ್ಲಿ ‘ಕಪ್ಪು ಕಂಪನಿ’ ಅನ್ನುತ್ತಾರೆ. ಲೋಕವನ್ನೇ ಗೆಲ್ಲಲು ಹೊರಟ ಅಗಾಸ್ಟಿಯಾ ಅಂಥದ್ದಲ್ಲ ಅನ್ನುವುದೇ ಇಡೀ ಕಥೆಯ ದೊಡ್ಡ ತಮಾಷೆ. ಹಾಗಾದರೆ ಒಳಗಿನವರನ್ನು ಚೆನ್ನಾಗಿ ನೋಡಿಕೊಳ್ಳುವುದು ಸಂಸ್ಥೆಯೊಂದರ ಗುಣವೋ, ಇಲ್ಲ ಅದು ಪ್ರಶ್ನೆ ಕೇಳದಿರುವುದಕ್ಕೆ ಕೊಡುವ ಬಾಡಿಗೆಯೋ? ನಮ್ಮ ಆಫೀಸು ತುಂಬ ಒಳ್ಳೆಯದು ಎಂದು ನಾವು ಊರಿಗೆ ಫೋನು ಮಾಡಿ ಹೇಳುವಾಗ ಲೆಕ್ಕಕ್ಕೆ ಹಿಡಿಯುವುದು ರಜೆ, ವಿಮೆ, ಮ್ಯಾನೇಜರನ ಸ್ವಭಾವ. ಆ ಆಫೀಸಿನ ಕೆಲಸ ಹೊರಗಿನ ಯಾರ ಮನೆಯ ಬಾಗಿಲಿಗೆ ಏನಾಗಿ ಹೋಗಿ ನಿಲ್ಲುತ್ತದೆ ಅನ್ನುವುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ಇಲ್ಲಿ ಯಾರಾದರೂ ಹನ್ನಾ ಅರೆಂಟ್ ಹೆಸರು ತೆಗೆಯದೆ ಬಿಡುವುದಿಲ್ಲ. ನಾಜಿ ಅಧಿಕಾರಿ ಐಖ್‌ಮನ್ ವಿಚಾರಣೆಯ ಮೇಲಿನ ಅವರ ಪುಸ್ತಕ 1963ರದ್ದು. ಘೋರ ಪಾಪವನ್ನು ಘೋರ ಮನುಷ್ಯರೇ ಮಾಡಬೇಕಿಲ್ಲ, ವಿಚಾರ ಮಾಡದ ಗುಮಾಸ್ತ ಸಾಕು ಅನ್ನುವ ಮಾತನ್ನು ಲೋಕ ಅಲ್ಲಿಂದ ಎತ್ತಿಕೊಂಡಿತು. ಆ ಮಾತು ಬರಬರುತ್ತ ನಮಗೆ ಹಾಸಿಗೆಯಾಯಿತೇನೋ ಅಂತ ನನ್ನ ಗುಮಾನಿ. ಎಲ್ಲರೂ ಯಂತ್ರದ ಹಲ್ಲುಗಳೇ ಆದರೆ ಯಾವ ಹಲ್ಲಿಗೂ ನೋವಿಲ್ಲ. ಅಷ್ಟಕ್ಕೂ ಕುರೊಇತ್ಸು ವಿಚಾರ ಮಾಡದವಳಲ್ಲ. ದಿನವಿಡೀ ಮಾಡುವುದು ಅದನ್ನೇ. ಈ ರಾಕ್ಷಸ ಸೋತರೆ ಏನು ಕಾರಣ, ಬಜೆಟ್ಟು ಮೀರಿದರೆ ಯಾರು ಹೊಣೆ, ಒಪ್ಪಿಗೆ ಸಿಗದಿದ್ದರೆ ಮುಂದೇನು. ಒಂದನ್ನು ಮಾತ್ರ ಅವಳು ಕೇಳಬೇಕಾಗಿ ಬರುವುದಿಲ್ಲ: ರಾಕ್ಷಸ ಗೆದ್ದರೆ?

ಕೇಳಬೇಕಾಗಿ ಬರುವುದಿಲ್ಲ, ಏಕೆಂದರೆ ಕಥೆಯ ಕಟ್ಟೇ ಹಾಗಿದೆ. ಹೀರೋ ಬರುತ್ತಾನೆ, ರಾಕ್ಷಸ ಸೋಲುತ್ತಾನೆ. ಸೋಲುವುದು ಖಚಿತವಾದ್ದರಿಂದಲೇ ನಾವು ನಿಶ್ಚಿಂತೆಯಿಂದ ನಗುತ್ತೇವೆ. ಒಂದೇ ಒಂದು ವಾರ ರಾಕ್ಷಸ ಗೆದ್ದು ಪೇಟೆಯೊಂದನ್ನು ಸುಟ್ಟು ಬಂದ ಅಂದುಕೊಳ್ಳಿ. ಮರುದಿನದ ಮೀಟಿಂಗಿನಲ್ಲಿ ಕುರೊಇತ್ಸುಗೆ ಚಪ್ಪಾಳೆ ಬಿತ್ತು ಅಂದುಕೊಳ್ಳಿ. ಅದೇ ಆಫೀಸು, ಅದೇ ಅಕ್ಕರೆ, ಆದರೆ ಹಾಸ್ಯ ಸತ್ತುಹೋಗುತ್ತದೆ. ಅಂದರೆ ನಮ್ಮ ಕಣ್ಣಿಗೆ ಅವಳನ್ನು ನಿರಪರಾಧಿಯಾಗಿ ಉಳಿಸಿರುವುದು ಅವಳ ಒಳ್ಳೆಯ ಮನಸ್ಸಲ್ಲ, ಅವಳ ಪ್ರಾಜೆಕ್ಟುಗಳ ಸೋಲು. ನಮಗೆ ಆ ಅದೃಷ್ಟವಿಲ್ಲ. ನಮ್ಮ ಕೆಲಸಗಳು ಬಹುಪಾಲು ಯಶಸ್ವಿಯಾಗುತ್ತವೆ.

ಶಾರ್ಲೆಟ್ಟಿನ ಉದಾಹರಣೆಯನ್ನೇ ನೋಡೋಣ. ವಕೋವಿಯಾ ಬ್ಯಾಂಕಿನ ಕೇಂದ್ರ ಕಚೇರಿ ಇದೇ ಊರಿನಲ್ಲಿತ್ತು. ಮೆಕ್ಸಿಕೋದ ಹಣ ವಿನಿಮಯದ ಅಂಗಡಿಗಳಿಂದ 2004ರಿಂದ 2007ರವರೆಗೆ ಅದರ ಮೂಲಕ ಹರಿದ ಸುಮಾರು 37,800 ಕೋಟಿ ಡಾಲರಿನ ವಹಿವಾಟನ್ನು ಕಾನೂನು ಕೇಳುವಷ್ಟು ಕಣ್ಣಿಟ್ಟು ನೋಡಲಿಲ್ಲ ಎಂದು 2010ರಲ್ಲಿ ಬ್ಯಾಂಕು ಒಪ್ಪಿಕೊಂಡು 16 ಕೋಟಿ ಡಾಲರು ಕಟ್ಟಿತು. ಆ ಹೊಳೆಯಲ್ಲಿ ಮಾದಕವಸ್ತು ಸಾಗಿಸುವ ವಿಮಾನ ಕೊಂಡ ದುಡ್ಡೂ ಸೇರಿತ್ತು. ಲಂಡನ್ ಕಚೇರಿಯ ಮಾರ್ಟಿನ್ ವುಡ್ಸ್ ಎಂಬ ಅಧಿಕಾರಿ ಅನುಮಾನದ ವರದಿಗಳನ್ನು ಬರೆದರೆ, ಅವನೇ ಮೇಲಿನವರಿಗೆ ತಲೆನೋವಾದ. ಇದರಲ್ಲಿ ಎದ್ದು ಕಾಣುವುದು ಹಣ ಸರಾಗವಾಗಿ ಹೋಯಿತು ಅನ್ನುವುದು. ಸರ್ವರು ಬೀಳಲಿಲ್ಲ, ವರ್ಗಾವಣೆ ತಡವಾಗಲಿಲ್ಲ. ಆ ವ್ಯವಸ್ಥೆಯನ್ನು ಕಟ್ಟಿ ಕಾಯ್ದವರ ವಾರ್ಷಿಕ ಮೌಲ್ಯಮಾಪನದಲ್ಲಿ ಒಳ್ಳೆಯ ಅಂಕಗಳೇ ಬಿದ್ದಿರಬೇಕು.

ಆ ಬ್ಯಾಂಕನ್ನು 2008ರ ಕೊನೆಗೆ ಕೊಂಡದ್ದು ವೆಲ್ಸ್ ಫಾರ್ಗೋ. ಕೇಂದ್ರ ಕಚೇರಿ ಸ್ಯಾನ್ ಫ್ರಾನ್ಸಿಸ್ಕೋ. ಆದರೆ ಅತಿ ಹೆಚ್ಚು ನೌಕರರಿರುವ ಊರು ಶಾರ್ಲೆಟ್. ಒಬ್ಬ ಗ್ರಾಹಕನಿಗೆ ಎಂಟು ಖಾತೆ ಅನ್ನುವುದು ಆಗ ಅಲ್ಲಿನ ಗುರಿಯಾಗಿತ್ತು. ಗುರಿ ಮುಟ್ಟಲು ಶಾಖೆಗಳಲ್ಲಿ ಗ್ರಾಹಕರಿಗೆ ಗೊತ್ತಿಲ್ಲದೆ ಲಕ್ಷಗಟ್ಟಲೆ ಖಾತೆ ತೆರೆದರು, ಇಲ್ಲದ ಇಮೇಲ್ ವಿಳಾಸ ಹುಟ್ಟಿಸಿದರು, ಪಿನ್ ನಂಬರನ್ನು ತಾವೇ ಹಾಕಿಕೊಂಡರು. 2016ರ ಸೆಪ್ಟೆಂಬರಿನಲ್ಲಿ ಬಿದ್ದ ದಂಡ 18.5 ಕೋಟಿ ಡಾಲರು. ಅಷ್ಟು ಹೊತ್ತಿಗೆ ಸುಮಾರು 5,300 ಜನ ಕೆಲಸ ಕಳೆದುಕೊಂಡಿದ್ದರು, ಅವರಲ್ಲಿ ಬಹಳಷ್ಟು ಜನ ಕೌಂಟರಿನ ಆಚೆ ನಿಲ್ಲುವ ಕೆಳಗಿನವರು. ಮುಖ್ಯಸ್ಥ ಜಾನ್ ಸ್ಟಂಪ್‌ಗೆ 1.75 ಕೋಟಿ ಡಾಲರು ದಂಡ, ಬ್ಯಾಂಕಿಂಗಿನಿಂದ ಜೀವಮಾನದ ಬಹಿಷ್ಕಾರ ಬಂದದ್ದು 2020ರಲ್ಲಿ. ತಪ್ಪಿನ ಹೊಣೆ ಹೊರುವ ಸರದಿ ಎಲ್ಲಿಂದ ಶುರುವಾಗುತ್ತದೆ ಅನ್ನುವುದು ಎಲ್ಲ ದೇಶದ ಆಫೀಸಿನವರಿಗೂ ಗೊತ್ತಿರುವ ಸಂಗತಿ.

ಇದು ಬಿಳಿಯರ ರೋಗ ಅನ್ನುವ ಹಾಗಿಲ್ಲ. ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಬಗ್ಗೆ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2011ರ ಜುಲೈಯಲ್ಲಿ ಕೊಟ್ಟ ಲೋಕಾಯುಕ್ತ ವರದಿಯಲ್ಲಿ ‘ಜೀರೋ ರಿಸ್ಕ್’ ಎಂಬ ಏರ್ಪಾಟಿನ ವಿವರವಿದೆ. ಪರವಾನಗಿಯಿಲ್ಲದ ಅದಿರಿನ ಲಾರಿ ದಾರಿಯಲ್ಲಿ ಎಲ್ಲೂ ನಿಲ್ಲದ ಹಾಗೆ, ಯಾವ ಇಲಾಖೆಯವರಿಗೆ ಎಷ್ಟು ಎಂದು ಮೊದಲೇ ತಲುಪಿಸಿಬಿಡುವ ಸೇವೆ ಅದು. ಲಂಚಕ್ಕೂ ಅಚ್ಚುಕಟ್ಟಾದ ಲೆಕ್ಕವಿತ್ತು, ಕಂಪ್ಯೂಟರಿನಲ್ಲಿ. ಆ ಲೆಕ್ಕ ಬರೆದ ಗುಮಾಸ್ತನನ್ನು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ಬಿ.ಕಾಂ. ಓದಿದವನಿರಬೇಕು. ಒಂದು ಪೈಸೆ ಆಚೀಚೆಯಾದರೂ ನಿದ್ದೆ ಬರದವನು. ಅವನ ಪ್ರಾಮಾಣಿಕತೆಯಿಂದಲೇ ಕೊನೆಗೆ ಗುಟ್ಟು ಬಯಲಾಯಿತು ಅನ್ನುವುದು ಬೇರೆ ತಮಾಷೆ. ‘ಜೀರೋ ರಿಸ್ಕ್’ ಅನ್ನುವ ಹೆಸರನ್ನೇ ನೋಡಿ: ಲಾರಿ ಸಿಕ್ಕಿಬಿದ್ದರೆ ಎಂಬ ಅಪಾಯವೊಂದೇ ಅವರ ಲೆಕ್ಕದಲ್ಲಿದ್ದ ಅಪಾಯ. ಲಾರಿ ಸುಖವಾಗಿ ಬೇಲೆಕೇರಿ ಬಂದರು ಮುಟ್ಟಿದರೆ ಸಂಡೂರಿನ ಗುಡ್ಡಕ್ಕೇನಾಗುತ್ತದೆ, ಆ ಕೆಂಪು ಧೂಳಿನಲ್ಲಿ ಶಾಲೆಗೆ ನಡೆಯುವ ಮಕ್ಕಳಿಗೇನಾಗುತ್ತದೆ ಅನ್ನುವುದು ಅಪಾಯದ ಪಟ್ಟಿಯಲ್ಲಿರಲಿಲ್ಲ.

ಕೆಲಸದ ಬಗ್ಗೆ ಕನ್ನಡದಲ್ಲಿ ಮಾತು ಶುರುವಾದರೆ ಕಲ್ಯಾಣಕ್ಕೆ ಹೋಗದೆ ಮುಗಿಯುವುದಿಲ್ಲ. ಇಲ್ಲಿನ ಕನ್ನಡ ಸಮಾರಂಭಗಳ ವೇದಿಕೆಯಲ್ಲೂ ಕಾಯಕದ ಮಾತು ಬರುತ್ತದೆ. ಕಾಯಕ ಅಂದರೆ ತಡರಾತ್ರಿಯವರೆಗೂ ಲ್ಯಾಪ್‌ಟಾಪು ಮುಚ್ಚದಿರುವುದು ಎಂದು ನಾವೆಲ್ಲ ಅರ್ಥ ಮಾಡಿಕೊಂಡು ಚಪ್ಪಾಳೆ ತಟ್ಟುತ್ತೇವೆ. ಆದರೆ ಹನ್ನೆರಡನೆಯ ಶತಮಾನದ ಆ ವಚನಕಾರರು ನಮಗಿಂತ ಚುರುಕಾಗಿದ್ದರು. ಅವರ ನಡುವೆ ಹೆಂಡದ ಮಾರಯ್ಯನಿದ್ದ, ಸೂಳೆ ಸಂಕವ್ವೆಯಿದ್ದಳು, ಕನ್ನ ಕೊರೆಯುವ ಕಸುಬಿನ ಮಾತಲ್ಲೇ ವಚನ ಕಟ್ಟಿದ ಕನ್ನದ ಮಾರಿತಂದೆಯಿದ್ದ. ಲೋಕ ಮೂಗು ಮುರಿಯುವ ಕಸುಬುಗಳನ್ನು ಅವರು ಹೆಸರಿನ ಮುಂದೆಯೇ ಹಚ್ಚಿಕೊಂಡು ಓಡಾಡಿದರು. ಸಂಕವ್ವೆಯದೆಂದು ಉಳಿದಿರುವ ಒಂದೇ ವಚನದಲ್ಲಿ ಅವಳು ಹೇಳುವುದು ತನ್ನ ಕಸುಬಿನ ಒಳಗಿನ ನೇಮವನ್ನು: ಒಬ್ಬನಿಂದ ಹಣ ಹಿಡಿದ ಮೇಲೆ ಇನ್ನೊಬ್ಬನಿಂದ ಹಿಡಿಯೆನು ಎಂದು. ಕಸುಬಿನೊಳಗಿನ ಈ ಪ್ರಾಮಾಣಿಕತೆ ಕುರೊಇತ್ಸುಗೂ ಇದೆ, ಬಳ್ಳಾರಿಯ ಗುಮಾಸ್ತನಿಗೂ ಇತ್ತು. ವ್ಯತ್ಯಾಸ ಎಲ್ಲಿ? ಸಂಕವ್ವೆ ತನ್ನ ಕೆಲಸ ಏನೆಂದು ಮೊದಲು ಹೇಳಿ ಆಮೇಲೆ ನೇಮ ಹೇಳಿದಳು. ನಾವು ನೇಮವನ್ನಷ್ಟೇ ಹೇಳುತ್ತೇವೆ.

ಅಗಾಸ್ಟಿಯಾವನ್ನು ಈ ಒಂದು ವಿಷಯದಲ್ಲಿ ಮೆಚ್ಚಬೇಕು. ಅದು ದುಷ್ಟಕೂಟ ಎಂದು ಅದಕ್ಕೇ ಗೊತ್ತು. ಎದುರಾಳಿಗೆ ಹೆಸರಿದೆ, ಮುಖವಿದೆ, ಮೀಟಿಂಗಿನಲ್ಲಿ ಅವನ ಪ್ರಸ್ತಾಪವಿದೆ. ನಮ್ಮ ಮೀಟಿಂಗುಗಳಲ್ಲಿ ಎದುರಿನವರು ಒಂದು ಕಾಲಮ್ಮು, ಒಂದು ಶೇಕಡಾವಾರು. “ಅಮ್ಮ, ನಿಮ್ಮ ಆಫೀಸಲ್ಲಿ ಹೀರೋ ಯಾರು?” ಎಂದು ಮಗಳು ಕೇಳಿದಾಗ ನಾನು ಕಂಪ್ಲಯನ್ಸ್ ವಿಭಾಗ ಎಂದೆ. ಅವಳಿಗೆ ಅದು ಜೋಕು ಅನಿಸಿತು. ನಾನು ಜೋಕಿಗೆ ಹೇಳಿರಲಿಲ್ಲ.

ಆಯ್ದಕ್ಕಿ ಲಕ್ಕಮ್ಮನ ಕತೆ ಎಲ್ಲರಿಗೂ ಗೊತ್ತಿದೆ, ಆದರೆ ಅದನ್ನು ನಾವು ಬಡವರ ನಿಸ್ಪೃಹತೆಯ ಕತೆಯಾಗಿ ಓದಿ ಮುಗಿಸುತ್ತೇವೆ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ. ಇಷ್ಟು ಏಕೆ, ಇದು ಎಲ್ಲಿಂದ ಬಂದ ಆಸೆ ಎಂದು ಅವಳು ಅಕ್ಕಿಯನ್ನು ವಾಪಸು ಕಳಿಸಿದಳು. ಗಮನಿಸಬೇಕಾದ್ದು ಪ್ರಶ್ನೆ ಎದ್ದ ಗಳಿಗೆ. ಕಡಿಮೆ ತಂದ ದಿನ ಹೆಂಡತಿ ಯಾಕೆಂದು ಕೇಳುವುದು ಎಲ್ಲ ಮನೆಯಲ್ಲೂ ಇರುವುದೇ. ಇವಳು ಕೇಳಿದ್ದು ಹೆಚ್ಚು ತಂದ ದಿನ. ಸೋಲಿನ ವಿಮರ್ಶೆಗೆ ನಮ್ಮಲ್ಲಿ ನೂರು ಮೀಟಿಂಗು; ಗೆಲುವಿನ ವಿಮರ್ಶೆಗೆ ಕೂತವಳು ಲಕ್ಕಮ್ಮ ಒಬ್ಬಳೇ. ಗುರಿ ಮೀರಿದ ತ್ರೈಮಾಸಿಕದಲ್ಲಿ “ಇಷ್ಟೊಂದು ಹೇಗೆ ಬಂತು?” ಎಂದು ಒಬ್ಬರು ಕೇಳಿದ್ದರೆ ಎಂಟು ಖಾತೆಯ ಕತೆ ಬೇರೆಯಾಗುತ್ತಿತ್ತು.

ಹೇಳುವುದು ಸುಲಭ ಎಂಬ ಆಕ್ಷೇಪ ನ್ಯಾಯವಾದದ್ದೇ. ಇಲ್ಲಿ ಎಚ್-1ಬಿ ವೀಸಾದವರು ಕೆಲಸ ಬಿಟ್ಟರೆ ಅಥವಾ ಕಳೆದುಕೊಂಡರೆ ಹೊಸದನ್ನು ಹುಡುಕಲು ಸಿಗುವುದು ಹೆಚ್ಚೆಂದರೆ 60 ದಿನ. ಮನೆ ಸಾಲ, ಮಕ್ಕಳ ಶಾಲೆ, ಊರಲ್ಲಿ ಅಪ್ಪ ಅಮ್ಮನ ಔಷಧಿ. ಅನ್ನದ ಋಣ ಎಂದು ಹಳಬರು ಹೇಳುತ್ತಿದ್ದುದು ಇದನ್ನೇ. ಲಂಕೆಯೂ ಒಂದು ಆಫೀಸೇ ಆಗಿತ್ತಲ್ಲ. ವಿಭೀಷಣ ರಾಜೀನಾಮೆ ಕೊಟ್ಟ. ಅವನಿಗೆ ಆಚೆ ಸಿಂಹಾಸನದ ಆಫರ್ ಇತ್ತು ಅನ್ನುವುದನ್ನು ಮರೆಯಬಾರದು. ಕುಂಭಕರ್ಣ ಬೈದು, ಆಮೇಲೆ ಹೋಗಿ ಸತ್ತ. ಮಾರೀಚ ಬೇಡವೆಂದು ಬುದ್ಧಿ ಹೇಳಿ, ಪ್ರಾಣಭಯಕ್ಕೆ ಒಪ್ಪಿ, ತನ್ನ ಜೀವನದ ಅತ್ಯುತ್ತಮ ಕೆಲಸ ಮಾಡಿದ. ಆ ಜಿಂಕೆ ಅಷ್ಟು ಚೆನ್ನಾಗಿರದಿದ್ದರೆ ಸೀತೆ ಕೇಳುತ್ತಲೇ ಇರಲಿಲ್ಲ. ಒಲ್ಲದ ಕೆಲಸವನ್ನೂ ಕೆಟ್ಟದಾಗಿ ಮಾಡಲು ಬಾರದ ನಮ್ಮ ಎಂಜಿನಿಯರುಗಳ ಆದಿಪುರುಷ ಅವನು.

ನನಗೆ ಹತ್ತಿರವಾದವಳು ತ್ರಿಜಟೆ. ಸೀತೆಯ ಕಾವಲಿನ ರಾಕ್ಷಸಿ, ಕೆಲಸ ಬಿಟ್ಟವಳಲ್ಲ. ಆದರೆ ಲಂಕೆ ಹಾಳಾಗುವ ತನ್ನ ಕನಸನ್ನು ಸಹೋದ್ಯೋಗಿಗಳಿಗೆ ಹೇಳಿ, ಆ ಹೆಂಗಸನ್ನು ಹೆದರಿಸುವುದು ಬಿಟ್ಟು ಕ್ಷಮೆ ಕೇಳಿ ಅಂದಳು. ಯುದ್ಧದ ನಡುವೆ ರಾಮ ಲಕ್ಷ್ಮಣರು ಬಾಣದ ಪಾಶಕ್ಕೆ ಸಿಕ್ಕಿ ಬಿದ್ದಾಗ, ಸತ್ತರೆಂದು ಸೀತೆಗೆ ತೋರಿಸಿಬನ್ನಿ ಎಂದು ರಾವಣ ಕಾವಲಿನ ರಾಕ್ಷಸಿಯರನ್ನು ಸೀತೆಯೊಡನೆ ಪುಷ್ಪಕದಲ್ಲಿ ಕಳಿಸಿದ. ತ್ರಿಜಟೆ ಹೋದಳು, ತೋರಿಸಿದಳು. ಜೊತೆಗೆ, ಮುಖದ ಕಳೆ ಹೋಗಿಲ್ಲ ನೋಡು, ಇವರು ಬದುಕಿದ್ದಾರೆ ಎಂದು ಕಂಡ ನಿಜವನ್ನೂ ಹೇಳಿದಳು. ಒಳಗಿದ್ದುಕೊಂಡು ಇಷ್ಟಾದರೂ ಮಾಡಬಹುದು: ಹಾನಿಗೆ ಒಳಗಾಗುವವರನ್ನು ಕಣ್ಣೆದುರು ಇಟ್ಟುಕೊಳ್ಳುವುದು, ಅವರಿಗೆ ಸುಳ್ಳು ದಾಟಿಸದಿರುವುದು.

ಇಷ್ಟೇ ಸಾಲುವುದಿಲ್ಲ. ಪುಷ್ಪಕ ಸೀತೆಯನ್ನು ಮರಳಿ ಅಶೋಕವನಕ್ಕೇ ಕರೆದೊಯ್ದಿತು. ಬಿಡಿಸಲು ಹೊರಗಿನವರೇ ಬರಬೇಕಾಯಿತು. ಆದ್ದರಿಂದ ಒಳಗಿನವರ ಅಂತಃಸಾಕ್ಷಿಯ ಬಗ್ಗೆ ಬರೆಯುವವರೆಲ್ಲ ಹೊರಗಿನ ಕಾವಲಿನ ಬಗ್ಗೆಯೂ ಕೇಳಬೇಕು. ಬಳ್ಳಾರಿಯ ವರದಿ ಕೊಟ್ಟ ಲೋಕಾಯುಕ್ತದ ಪೊಲೀಸ್ ಅಧಿಕಾರವನ್ನು 2016ರಲ್ಲಿ ಕಿತ್ತು ಸರ್ಕಾರದ ಕೈಕೆಳಗಿನ ಭ್ರಷ್ಟಾಚಾರ ನಿಗ್ರಹ ದಳಕ್ಕೆ (ಎಸಿಬಿ) ಕೊಟ್ಟಿದ್ದರು. ಎಸಿಬಿಯನ್ನು ರದ್ದು ಮಾಡಿ ಆ ಅಧಿಕಾರವನ್ನು ಮರಳಿಸಲು 2022ರ ಆಗಸ್ಟಿನಲ್ಲಿ ಹೈಕೋರ್ಟೇ ಹೇಳಬೇಕಾಯಿತು. ಇಲ್ಲಿ, ವೆಲ್ಸ್ ಫಾರ್ಗೋಗೆ ಬಿದ್ದ ದಂಡದ ದೊಡ್ಡ ಪಾಲನ್ನು ಹಾಕಿದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆಯ ನೌಕರರಿಗೆ 2025ರ ಫೆಬ್ರವರಿಯಲ್ಲಿ ಬಂದ ಅಪ್ಪಣೆ, ಕೆಲಸ ನಿಲ್ಲಿಸಿ ಎಂಬುದು.