ಗಾಯ ಮಾಯುತ್ತಿರುವ ಊರಿಗೆ ರಜೆಗೆ ಹೋಗಬಹುದೇ?

ರಜೆ ಬಂತೆಂದರೆ ಧರ್ಮಕೇಂದ್ರದ ನಾಲ್ಕಾರು ಕುಟುಂಬಗಳು ಕೂಡಿ ಪ್ರವಾಸ ಹೊರಡುವುದು ಈಗ ಸಾಮಾನ್ಯ. ವೇಳಾಂಕಣ್ಣಿ, ಗೋವೆ ಎಲ್ಲ ನೋಡಿ ಮುಗಿಸಿದವರ ಕಣ್ಣು ಶ್ರೀಲಂಕೆಯ ಮೇಲೆ ಬೀಳುತ್ತದೆ. ಕೊಲಂಬೊದ ವಿಮಾನ ಇಳಿಯುವ ಕಟುನಾಯಕೆಗೆ ಹತ್ತಿರದಲ್ಲೇ ನಿಗೊಂಬೊ ಇದೆ. ಉದ್ದನೆಯ ಮರಳ ದಂಡೆ, ತೆಂಗಿನ ಸಾಲು, ಡಚ್ಚರ ಕಾಲದ ಕಾಲುವೆ, ಚಾಪೆಯ ಮೇಲೆ ಒಣಹಾಕಿದ ಮೀನು, ಹೋದಲ್ಲೆಲ್ಲ ದೇವಾಲಯಗಳು. 'ಪುಟ್ಟ ರೋಮ್' ಎಂದು ಆ ಊರಿಗೆ ಅಡ್ಡಹೆಸರೇ ಇದೆ.

ಆ ಊರು ಪಟ್ಟ ಪಾಡು ನಿಮಗೆ ನೆನಪಿರಬಹುದು. 2019ರ ಏಪ್ರಿಲ್ 21, ಪಾಸ್ಕ ಹಬ್ಬದ ಬೆಳಿಗ್ಗೆ, ನಿಗೊಂಬೊದ ಕಟುವಾಪಿಟಿಯದಲ್ಲಿ ಸಂತ ಸೆಬಾಸ್ಟಿಯನ್ನರ ದೇವಾಲಯದೊಳಗೆ ಪೂಜೆಗೆ ನೆರೆದಿದ್ದವರ ನಡುವೆ ಆತ್ಮಾಹುತಿ ಬಾಂಬು ಸಿಡಿಯಿತು. ಅದೇ ಬೆಳಿಗ್ಗೆ ಕೊಲಂಬೊದ ಕೊಚ್ಚಿಕಡೆಯ ಸಂತ ಅಂತೋಣಿಯವರ ಪುಣ್ಯಕ್ಷೇತ್ರದಲ್ಲಿ, ಬಟ್ಟಿಕಲೋವಾದ ಒಂದು ಪ್ರಾರ್ಥನಾಲಯದಲ್ಲಿ, ಮೂರು ದೊಡ್ಡ ಹೋಟೆಲುಗಳಲ್ಲಿ ಸಹ. ಒಟ್ಟು 260ಕ್ಕೂ ಹೆಚ್ಚು ಜನ ಮಡಿದರು. ಕಟುವಾಪಿಟಿಯ ಒಂದರಲ್ಲೇ ನೂರಕ್ಕೂ ಮಿಕ್ಕಿ. ಲೋಕಸಭಾ ಚುನಾವಣೆಯ ಕೆಲಸ ಮುಗಿಸಿ ಗುಂಪಾಗಿ ರಜೆಗೆಂದು ಹೋಗಿದ್ದ ನಮ್ಮ ಕರ್ನಾಟಕದವರೂ ಹೋಟೆಲಿನಲ್ಲಿ ಸತ್ತವರಲ್ಲಿದ್ದರು.

ಕಷ್ಟ ಅಲ್ಲಿಗೇ ನಿಲ್ಲಲಿಲ್ಲ. 2020ರಲ್ಲಿ ಕೊರೋನಾ ಬಂತು. 2021ರಲ್ಲಿ ಕೊಲಂಬೊದ ಬಳಿ ಎಕ್ಸ್‌ಪ್ರೆಸ್ ಪರ್ಲ್ ಎಂಬ ಹಡಗು ಹೊತ್ತಿ ಉರಿದು, ಅದರ ಪ್ಲಾಸ್ಟಿಕ್ ಕಾಳುಗಳು ನಿಗೊಂಬೊ ದಂಡೆಗೆ ರಾಶಿರಾಶಿಯಾಗಿ ಬಂದು ಬಿದ್ದವು; ಮೀನುಗಾರಿಕೆಗೆ ನಿಷೇಧವಾಯಿತು. 2022ರಲ್ಲಿ ದೇಶವೇ ಸಾಲ ತೀರಿಸಲಾಗದೆ ಕೈಚೆಲ್ಲಿತು. ಪೆಟ್ರೋಲಿಗೂ ಅಡಿಗೆ ಅನಿಲಕ್ಕೂ ಜನ ಹಗಲು ರಾತ್ರಿ ಸಾಲು ನಿಂತರು. 2018ರಲ್ಲಿ 23 ಲಕ್ಷ ಪ್ರವಾಸಿಗರು ಬಂದಿದ್ದ ನಾಡಿಗೆ 2021ರಲ್ಲಿ ಬಂದವರು ಎರಡು ಲಕ್ಷಕ್ಕೂ ಕಡಿಮೆ. 2024ರಲ್ಲಿ ಆ ಸಂಖ್ಯೆ ಮತ್ತೆ 20 ಲಕ್ಷ ದಾಟಿತು, ಅವರಲ್ಲಿ ಅತಿ ಹೆಚ್ಚಿನವರು ಭಾರತೀಯರು. 2025ರ ನವೆಂಬರಿನಲ್ಲಿ ದಿತ್ವಾ ಚಂಡಮಾರುತ ಮತ್ತೆ ನೂರಾರು ಜೀವ ತೆಗೆಯಿತು.

ಇಂಥ ನೆಲದಲ್ಲಿ ನಾವು ಹೋಗಿ ಮರಳಿನ ಮೇಲೆ ಕುಣಿದಾಡುವುದು ಸರಿಯೇ? ಕೆಲವರ ಮನಸ್ಸು ಹಿಂಜರಿಯುತ್ತದೆ. ಸಾವಿನ ಮನೆಯ ಎದುರು ಓಲಗ ಊದಿಸಿದಂತೆ ಅಲ್ಲವೇ ಎನ್ನುತ್ತಾರೆ. ಆ ಹಿಂಜರಿಕೆ ಒಳ್ಳೆಯ ಮನಸ್ಸಿನದ್ದು. ಆದರೂ ಸಾವಿನ ಮನೆಯವರೂ ಒಲೆ ಹೊತ್ತಿಸಬೇಕಲ್ಲ. ಹೋಟೆಲಿನಲ್ಲಿ ಹಾಸಿಗೆ ಹಾಸುವ ಹೆಂಗಸಿಗೆ, ಆಟೋ ಓಡಿಸುವವನಿಗೆ, ಮೀನು ತಂದುಕೊಡುವವನಿಗೆ ನಮ್ಮ ಸಂಕೋಚದಿಂದ ಒಂದು ಹಿಡಿ ಅಕ್ಕಿಯೂ ಸಿಗುವುದಿಲ್ಲ. ವಿಶ್ರಾಂತಿಯೂ ಪಾಪವಲ್ಲ, ಊಟಕ್ಕೂ ಪುರುಸೊತ್ತಿಲ್ಲದೆ ದಣಿದ ಶಿಷ್ಯರನ್ನು ಏಕಾಂತ ಸ್ಥಳಕ್ಕೆ ಕರೆದೊಯ್ದವರು ಯೇಸುಸ್ವಾಮಿಯೇ. ದೋಣಿಯಿಂದ ಇಳಿದಾಗ ಎದುರಿಗೆ ಜನಸಮೂಹ ಕಾದಿತ್ತು. ಅವರು ಆ ಜನರನ್ನು ಕಂಡು ಮರುಗಿದರು, ಮುಖ ತಿರುಗಿಸಲಿಲ್ಲ. ಆ ಕಥೆಯನ್ನು ನಾವು ಅರ್ಧಕ್ಕೇ ನಿಲ್ಲಿಸಿಬಿಡುತ್ತೇವೆ.

ಇನ್ನು ಕೆಲವರದು ಇದಕ್ಕೆ ತದ್ವಿರುದ್ಧವಾದ ಮಾತು: "ನಾವು ಹೋಗುವುದೇ ಅವರಿಗೆ ದೊಡ್ಡ ಉಪಕಾರ." ನನಗೆ ಹೆಚ್ಚು ಭಯ ಈ ಮಾತಿನದು. ಕಡಲು, ಕೋಣೆ, ಊಟ, ನಿದ್ದೆ ಎಲ್ಲವನ್ನೂ ಪಡೆದು ಹಣ ಕೊಟ್ಟರೆ ಅದು ವ್ಯಾಪಾರ. ಗೌರವದ ವ್ಯಾಪಾರ, ಸಂತೋಷ. ಅದನ್ನು ದಾನದ ಲೆಕ್ಕಕ್ಕೆ ಬರೆದುಕೊಂಡವರ ನಡೆ ಬೇಗ ಕೆಡುತ್ತದೆ. ಉಪಕಾರ ಮಾಡಲು ಬಂದವನಿಗೆ ಚಹಾ ತಡವಾದರೂ ಸಿಟ್ಟು, ಕೈಮುಗಿಯದಿದ್ದರೂ ಸಿಟ್ಟು.

ನಮ್ಮ ಸಂತ ಜೋಸೆಫ್ ವಾಜರನ್ನು ನೆನೆಯಿರಿ. ಗೋವೆಯಲ್ಲಿ ಹುಟ್ಟಿ, ಮಂಗಳೂರಿನ ಸುತ್ತಿನ ಕೆನರಾ ಸೀಮೆಯಲ್ಲಿ ಕೆಲವು ವರ್ಷ ದುಡಿದು, 1687ರಲ್ಲಿ ಲಂಕೆಗೆ ಹೋದವರು. ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರಿಂದ ಹರಕು ಬಟ್ಟೆಯಲ್ಲಿ ಬಡ ಕೂಲಿಯಂತೆ ಇಳಿದರು. ಕ್ಯಾಂಡಿಯಲ್ಲಿ ಸಿಡುಬು ಹರಡಿದಾಗ ಮನೆಯವರೇ ಬಿಟ್ಟು ಓಡಿದ ರೋಗಿಗಳ ಆರೈಕೆ ಮಾಡಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದ ಕಡಲಂಚಿನಲ್ಲೇ ಅವರನ್ನು ಸಂತರೆಂದು ಸಾರಿದರು. ಉಪಕಾರವೆಂದರೆ ಏನೆಂದು ಅವರು ತೋರಿಸಿದ ಮೇಲೆ, ಐದು ಹಗಲು ನಾಲ್ಕು ರಾತ್ರಿಯ ಪ್ಯಾಕೇಜಿಗೆ ಆ ಹೆಸರು ಇಡಲು ನಾಲಿಗೆ ತಡೆಯಬೇಕು.

ಹಾಗಾದರೆ ಸಾಮಾನ್ಯ ಕುಟುಂಬಸ್ಥರಾದ ನಮ್ಮಿಂದ ಏನು ಬಯಸಲಾಗಿದೆ? ನ್ಯಾಯ. ನೆಲಕಚ್ಚಿದ ಊರಿನಲ್ಲಿ ಬೆಲೆ ಇಳಿಯುತ್ತದೆ. ನಲವತ್ತು ಜನರ ಗುಂಪೆಂದರೆ ಚೌಕಾಸಿಗೆ ಬಲ ಹೆಚ್ಚು. ಖಾಲಿ ಕೋಣೆಯ ಯಜಮಾನ ಬಗ್ಗಲೇಬೇಕು. ಗುಂಪಿನ ಮುಂದಾಳು ಇನ್ನಷ್ಟು ಹಿಂಡಿ ತಂದರೆ ಬಸ್ಸಿನಲ್ಲಿ ಚಪ್ಪಾಳೆ. ಹಿಂಡಿದ ಪಾಪ ಯಾರದೆಂದು ಕೇಳಿದರೆ ಮಾತ್ರ ನಲವತ್ತು ಜನರಲ್ಲಿ ಒಬ್ಬರದೂ ಅಲ್ಲ! ಕೊಳ್ಳುವವನಿಗೆ ವಸ್ತುವಿನ ಗರಜು ಹೆಚ್ಚೆಂಬ ಕಾರಣಕ್ಕೇ ಮಾರುವವನು ಬೆಲೆ ಏರಿಸಬಾರದು, ಆ ಗರಜು ಅವನ ಸೊತ್ತಲ್ಲ ಎಂದು ಸಂತ ತೋಮಸ್ ಅಕ್ವಿನಾಸರು ತರ್ಕಿಸಿದ್ದಾರೆ. ಅದನ್ನೇ ತಿರುಗಿಸಿ ನೋಡಿ: ಮಾರುವವನ ಮನೆಯಲ್ಲಿ ಹಸಿವಿದೆ ಎಂಬ ಕಾರಣಕ್ಕೆ ಸಿಕ್ಕ ಅಗ್ಗದ ಬೆಲೆ ನಮ್ಮ ಜಾಣತನದ ಗಳಿಕೆಯೇ? ಸೀಸನ್ ಇಲ್ಲದಾಗಿನ ಮಾಮೂಲಿ ರಿಯಾಯಿತಿ ಬೇರೆ ಮಾತು. ಅದನ್ನು ಸಂತೋಷದಿಂದ ತೆಗೆದುಕೊಳ್ಳಿ. ಯಜಮಾನ ಹೇಳಿದ ಕಡಿಮೆ ಬೆಲೆಯನ್ನೂ ಮತ್ತೆ ಅರ್ಧಕ್ಕೆ ಇಳಿಸುವುದು ಅದಲ್ಲ.

ಪ್ಯಾಕೇಜಿನ ಹಣ ಬಹುಪಾಲು ಇಲ್ಲೇ ಏಜೆಂಟರಿಗೆ ಸಂದಾಯವಾಗುತ್ತದೆ. ಮೂರು ಹೊತ್ತೂ ಹೋಟೆಲಿನೊಳಗೇ ಉಂಡರೆ ಬೀದಿಯ ಅಂಗಡಿಯವನಿಗೆ ನಾವು ಬಂದದ್ದೇ ತಿಳಿಯದು. ಒಂದೆರಡು ಹೊತ್ತಾದರೂ ಹೊರಗೆ ಉಣ್ಣಿ.

ಇನ್ನು ಕಟುವಾಪಿಟಿಯ. ಭಾನುವಾರ ಅಲ್ಲಿದ್ದರೆ ಆ ದೇವಾಲಯಕ್ಕೇ ಪೂಜೆಗೆ ಹೋಗಿ. ಭಾಷೆ ತಿಳಿಯದಿದ್ದರೂ ಪೂಜೆ ತಿಳಿಯುತ್ತದೆ. ಆ ದಿನ ರಕ್ತ ಸಿಡಿದಿದ್ದ ಪುನರುತ್ಥಾನಿ ಯೇಸುವಿನ ಪ್ರತಿಮೆಯನ್ನು ಗಾಜಿನೊಳಗೆ ಹಾಗೆಯೇ ಕಾಪಾಡಿದ್ದಾರೆ. ಅದರ ಮುಂದೆ ಸಾಲಾಗಿ ನಿಂತು ಗುಂಪಿನ ಫೋಟೋ ತೆಗೆಸಬೇಡಿ. ಪಕ್ಕದ ಬೆಂಚಿನ ತಾಯಿಯನ್ನು "ಆವತ್ತು ನೀವು ಇದ್ದಿರಾ? ಏನಾಯಿತು?" ಎಂದು ಕೇಳಲೂ ಬೇಡಿ. ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ, ಗಡಿಯಾರ ನೋಡದೆ. ಬಸ್ಸು ಕಾಯಲಿ.

ಕೂಲಿಯವನ ಕೂಲಿ ಹೊತ್ತು ಮುಳುಗುವ ಮೊದಲೇ ಸಲ್ಲಬೇಕೆಂದು ಧರ್ಮೋಪದೇಶಕಾಂಡದಲ್ಲಿ ವಿಧಿಯಿದೆ. ವಾರವಿಡೀ ಬಸ್ಸು ಓಡಿಸಿದ ಚಾಲಕನಿಗೂ ಸಾಮಾನು ಹೊತ್ತ ಹುಡುಗನಿಗೂ ಕೊಡುವುದನ್ನು ಕೊನೆಯ ದಿನದ ಹಿಂದಿನ ಸಂಜೆಯೇ ಎಲ್ಲರಿಂದ ಸಂಗ್ರಹಿಸಿ ಕೈಗೆ ಕೊಟ್ಟುಬಿಡಿ. ಬೆಳಗಿನ ಜಾವ ಕಟುನಾಯಕೆಯಲ್ಲಿ ಎಲ್ಲರೂ ಪಾಸ್‌ಪೋರ್ಟು ಹುಡುಕುತ್ತಿರುತ್ತೀರಿ.